ಬಾಗಿಲಲ್ಲಿ ನಿಂತ ಚಕ್ರ

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಹತ್ತಿ ಗೊಮ್ಮಟನ ಮುಂದೆ ನಿಂತವರು ಮೊದಲು ನೋಡುವುದು ಅವನ ಮುಖವನ್ನು; ಆಮೇಲೆ ತೊಡೆತೋಳುಗಳನ್ನು ಸುತ್ತಿ ಮೇಲೇರಿದ ಬಳ್ಳಿಯನ್ನು, ಕಾಲ ಬಳಿಯ ಹುತ್ತಗಳನ್ನು. ಕೈಗಳನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ, ಏಕೆಂದರೆ ಅವುಗಳಲ್ಲಿ ಏನೂ ಇಲ್ಲ. ನಮ್ಮ ಹಾಸನದ ಸೀಮೆಯವರಿಗೆ ಇದು ತುಸು ಹೊಸದಾಗಿಯೇ ತೋರಬೇಕು. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಲಕ್ಷ್ಮೀನರಸಿಂಹನನ್ನು ನೋಡಿ ಬೆಳೆದವರು, ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ಗುಡಿಯನ್ನು ಬಲ್ಲವರು, ಬೇಲೂರಿನ ಚೆನ್ನಿಗನಿಗೆ ಹರಕೆ ಹೊತ್ತವರು, ಇವರಿಗೆಲ್ಲ ದೇವರೆಂದರೆ ಶಂಖಚಕ್ರಗಳನ್ನು ಹಿಡಿದವನು. ಬರಿಗೈಯಲ್ಲಿ ನಿಂತವನ ಎದುರಿಗೆ ನಿಂತಾಗ ಇವನ ಚಕ್ರ ಎಲ್ಲಿ ಹೋಯಿತೆಂದು ಕೇಳುವುದು ಮಕ್ಕಳಾಟಿಕೆಯ ಪ್ರಶ್ನೆಯಾದರೂ ಕೇಳಬೇಕಾದ ಪ್ರಶ್ನೆಯೇ.

ಏಕೆಂದರೆ ಈ ಮೂರ್ತಿಯ ಕಥೆಯಲ್ಲಿ ಒಂದು ಚಕ್ರವಿದೆ. ಅದು ಗೊಮ್ಮಟನದಲ್ಲ, ಅವನ ಅಣ್ಣ ಭರತನದು. ಆ ಚಕ್ರ ಒಂದು ದಿನ ಊರ ಬಾಗಿಲಲ್ಲಿ ನಿಂತುಹೋಗದಿದ್ದರೆ ಬಾಹುಬಲಿ ಪೌದನಪುರದಲ್ಲಿ ಅರಸಾಗಿಯೇ ಇದ್ದು ಮುಪ್ಪಾಗುತ್ತಿದ್ದನೋ ಏನೋ. ಆದುದರಿಂದ ಕಥೆಯನ್ನು ಚಕ್ರದ ಕಡೆಯಿಂದ ಒಮ್ಮೆ ನೋಡುವುದು ಒಳ್ಳೆಯದು. ಅದನ್ನು ಪಡೆದವನಿಗೆ ಅದರ ವಿಷಯ ಏನು ತಿಳಿದಿತ್ತು? ಅದರ ಅರ್ಥವನ್ನು ಹೇಳಿದವರಿಗೆ ಎಷ್ಟು ತಿಳಿದಿತ್ತು? ಅದನ್ನು ಎದುರಿಸಿ ನಿಂತವನಿಗೆ ಏನು ತಿಳಿಯಿತು?

ಈ ಕಥೆ ನಮಗೆ ಮುಖ್ಯವಾಗಿ ಎರಡು ಪುರಾಣಗಳಿಂದ ಬಂದಿದೆ. ಮೊದಲನೆಯದು ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ಆದಿಪುರಾಣ. ಎರಡನೆಯದು ಪಂಪನು ಅದನ್ನೇ ಆಧಾರವಾಗಿ ಹಿಡಿದು ೯೪೧ರಲ್ಲಿ ಕನ್ನಡದಲ್ಲಿ ರಚಿಸಿದ ಆದಿಪುರಾಣ. ಇದನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ಆ ಮಹಾಕವಿ ತನ್ನ ಇನ್ನೊಂದು ಕಾವ್ಯದಲ್ಲಿ ಹೇಳಿಕೊಂಡಿದ್ದಾನೆ. ೯೭೮ರಲ್ಲಿ ಗಂಗರ ಸೇನಾಪತಿ ಚಾವುಂಡರಾಯನು ಅರುವತ್ತಮೂವರು ಮಹಾಪುರುಷರ ಕಥೆಗಳನ್ನು ಕನ್ನಡ ಗದ್ಯದಲ್ಲಿ ಬರೆದಾಗ ಈ ಕಥೆಯೂ ಅದರಲ್ಲಿ ಸೇರಿತು. ಮೂರು ವರ್ಷ ಕಳೆಯುವಷ್ಟರಲ್ಲಿ, ೯೮೧ರ ಸುಮಾರಿಗೆ, ಅದೇ ಕಥೆ ಬೆಳಗೊಳದ ಬೆಟ್ಟದ ಮೇಲೆ ಸುಮಾರು ೫೮ ಅಡಿ ಎತ್ತರದ ಕಲ್ಲಾಗಿ ನಿಂತಿತು. ಚನ್ನರಾಯಪಟ್ಟಣದಿಂದ ಆ ಕಲ್ಲಿಗೆ ೧೨-೧೩ ಕಿಲೋಮೀಟರು ದೂರ. ಸುತ್ತಿನ ನಾಡೂ ಈ ಕಥೆಗೆ ಹೊರಗಿನದಾಗಿರಲಿಲ್ಲ. ಅರಕಲಗೂಡಿನ ಕಡೆಯನ್ನೂ ಉತ್ತರ ಕೊಡಗನ್ನೂ ಆಳಿದ ಕೊಂಗಾಳ್ವರು ಜೈನರು. ಹಾಸನಕ್ಕೆ ಹತ್ತಿರದ ಮರ್ಕುಲಿಯಲ್ಲಿ ಹನ್ನೆರಡನೆಯ ಶತಮಾನದ ಬಸದಿ ಇಂದಿಗೂ ಇದೆ. ಈಗ ನಮ್ಮ ಊರುಗಳಲ್ಲಿ ಕೃಷ್ಣನ ಚಕ್ರವನ್ನು ಅರಿತಷ್ಟು ಭರತನ ಚಕ್ರವನ್ನು ಅರಿತವರು ಕಡಿಮೆ, ಅಷ್ಟೆ.

ಗೊಂದಲ ಹುಟ್ಟುವುದೂ ಅಲ್ಲಿಯೇ. ಗಮಕಿಗಳ ಬಾಯಲ್ಲಿ ಭಾರತ ಭಾಗವತಗಳನ್ನು ಕೇಳಿದ ಕಿವಿ ಚಕ್ರವೆಂದೊಡನೆ ಸುದರ್ಶನವನ್ನು ನೆನೆಯುತ್ತದೆ. ಸುದರ್ಶನಕ್ಕೆ ಒಡೆಯನ ಇಚ್ಛೆಯೇ ಇಚ್ಛೆ. ಬಿಟ್ಟರೆ ಹೋಗುತ್ತದೆ, ಕೆಲಸ ಮುಗಿಸಿ ಕೈಗೆ ಮರಳುತ್ತದೆ. ಜೈನಪುರಾಣದ ಚಕ್ರರತ್ನದ ಜಾತಿಯೇ ಬೇರೆ. ಚಕ್ರವರ್ತಿಗೆ ಹದಿನಾಲ್ಕು ರತ್ನಗಳು. ಅವುಗಳಲ್ಲಿ ಚಕ್ರ, ಛತ್ರ, ದಂಡ, ಖಡ್ಗ ಮೊದಲಾದ ಏಳು ಜೀವವಿಲ್ಲದವು. ಸೇನಾಪತಿ, ಪುರೋಹಿತ, ಆನೆ, ಕುದುರೆ ಮೊದಲಾದ ಏಳು ಜೀವವುಳ್ಳವು. ಒಂದೊಂದನ್ನೂ ಸಾವಿರ ಯಕ್ಷರು ಕಾಯುತ್ತಾರೆ. ಇವು ಯಾರೋ ಮೆಚ್ಚಿ ಕೊಟ್ಟ ವರಗಳಲ್ಲ, ತಪಸ್ಸು ಮಾಡಿ ಬೇಡಿ ಪಡೆದ ಅಸ್ತ್ರಗಳೂ ಅಲ್ಲ. ಹಿಂದಿನ ಜನ್ಮಗಳ ಪುಣ್ಯ ಹಣ್ಣಾದಾಗ ತಾವಾಗಿ ಹುಟ್ಟುತ್ತವೆ. ಹಾಗೆ ಹುಟ್ಟಿದ ವಸ್ತುವಿಗೆ ಒಡೆಯನೂ ಮೀರಲಾಗದ ಕಟ್ಟುಪಾಡುಗಳುಂಟು.

ಭರತನಿಗೆ ಚಕ್ರ ದೊರೆತ ಸಂದರ್ಭವೇ ಸ್ವಾರಸ್ಯವಾದದ್ದು. ಒಂದೇ ಹೊತ್ತಿನಲ್ಲಿ ಮೂರು ಸುದ್ದಿಗಳು ಬರುತ್ತವೆ. ತಂದೆ ವೃಷಭನಾಥನಿಗೆ ಕೇವಲಜ್ಞಾನವಾಯಿತು. ಅರಮನೆಯಲ್ಲಿ ಮಗ ಹುಟ್ಟಿದ. ಆಯುಧಶಾಲೆಯಲ್ಲಿ ಚಕ್ರರತ್ನ ಮೂಡಿತು. ಯಾವುದನ್ನು ಮೊದಲು ಕೊಂಡಾಡಬೇಕು? ಮಗನೂ ಚಕ್ರವೂ ಧರ್ಮದ ಫಲ, ಫಲಕ್ಕಿಂತ ಬೇರು ದೊಡ್ಡದು ಎಂದು ಬಗೆದು ಭರತನು ಮೊದಲು ತಂದೆಯ ಬಳಿಗೆ ಹೋಗುತ್ತಾನೆ. ಚಕ್ರದ ಪೂಜೆ ಆಮೇಲೆ. ಈ ತೀರ್ಮಾನವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಚಕ್ರದ ಬೆಲೆ ಎಷ್ಟೆಂಬುದು ಭರತನಿಗೆ ಮೊದಲ ದಿನ ಚೆನ್ನಾಗಿಯೇ ಗೊತ್ತಿತ್ತು.

ಮುಂದೆ ಆರು ಖಂಡಗಳ ದಿಗ್ವಿಜಯ. ಪುರಾಣದ ಲೆಕ್ಕದಲ್ಲಿ ಅರುವತ್ತು ಸಾವಿರ ವರ್ಷ. ಆ ಉದ್ದಕ್ಕೂ ಚಕ್ರ ಮುಂದೆ, ಸೇನೆ ಹಿಂದೆ. ಚಕ್ರ ಹೋದತ್ತ ದಾರಿ, ನಿಂತಲ್ಲಿ ಬೀಡು. ಇಷ್ಟು ಕಾಲ ಒಂದು ವಸ್ತುವಿನ ಬೆನ್ನ ಹಿಂದೆ ನಡೆದವನಿಗೆ ಅದು ತನ್ನನ್ನು ನಡೆಸುತ್ತಿದೆಯೋ ತಾನು ಅದನ್ನು ನಡೆಸುತ್ತಿದ್ದೇನೆಯೋ ಎಂಬ ಎಣಿಕೆ ತಪ್ಪುವುದು ಸಹಜ. ನಡುವೆ ಒಂದು ಎಚ್ಚರಿಕೆಯೂ ಬಂದಿತ್ತು. ವೃಷಭಾಚಲದ ಬಂಡೆಯ ಮೇಲೆ ತನ್ನ ಹೆಸರನ್ನು ಕೊರೆಸಲು ಹೋದ ಭರತನಿಗೆ ಅಲ್ಲಿ ಜಾಗವೇ ಸಿಕ್ಕಲಿಲ್ಲ. ಹಿಂದೆ ಆಗಿಹೋದ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟ ತುಂಬಿತ್ತು. ಭೂಮಿಯನ್ನು ಗೆದ್ದವನು ತಾನೊಬ್ಬನೇ ಎಂದುಕೊಂಡಿದ್ದವನ ಗರ್ವ ಅಲ್ಲಿ ಇಳಿಯಿತೆಂದು ಕವಿ ಹೇಳುತ್ತಾನೆ. ಇಳಿದ ಗರ್ವ ಎಷ್ಟು ಹೊತ್ತು ಕೆಳಗೆ ನಿಂತಿತ್ತು? ಹಳೆಯ ಹೆಸರೊಂದನ್ನು ಅಳಿಸಿ ಅಲ್ಲಿಯೇ ತನ್ನದನ್ನು ಬರೆಸಿದ. ಚಕ್ರರತ್ನ ಹಿಂದೆಯೂ ಎಷ್ಟೋ ಮಂದಿಗೆ ಮೂಡಿ ಮರೆಯಾಗಿತ್ತೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಸಾಕ್ಷಿಯನ್ನು ಓದಿಯೂ ಓದದಂತೆ ಭರತ ಹಿಂತಿರುಗಿದ.

ಅಯೋಧ್ಯೆಯ ಕೋಟೆಯ ಬಾಗಿಲಿಗೆ ಬಂದಾಗ ಚಕ್ರ ನಿಂತಿತು. ಒಳಗೆ ಹೋಗಲೊಲ್ಲದು. ಕಾಯುವ ಯಕ್ಷರಿಗೂ ದಿಕ್ಕು ತೋಚದು. ಭರತನಿಗೆ ಕಾರಣ ತಿಳಿಯಲಿಲ್ಲ. ಪುರೋಹಿತನನ್ನು ಕರೆಸಿ ಕೇಳಿದ. ಮೇಲೆ ಹೇಳಿದ ಏಳು ಸಜೀವ ರತ್ನಗಳಲ್ಲಿ ಪುರೋಹಿತನೂ ಒಂದು. ಒಂದು ರತ್ನದ ಮಾತನ್ನು ಇನ್ನೊಂದು ರತ್ನದಿಂದ ಕೇಳಿ ತಿಳಿಯಬೇಕಾಯಿತು. ಇಬ್ಬರಿಗೂ ಒಡೆಯನಾದವನಿಗೆ ಆ ಭಾಷೆ ಬರುತ್ತಿರಲಿಲ್ಲ! ಪುರೋಹಿತ ಹೇಳಿದುದು ಇಷ್ಟು: ಗೆಲ್ಲಬೇಕಾದವರು ಇನ್ನೂ ಉಳಿದಿದ್ದಾರೆ, ಹೊರಗಿನವರೆಲ್ಲ ಬಾಗಿದರು, ಒಡಹುಟ್ಟಿದವರು ಬಾಗಿಲ್ಲ.

ಈ ವಿವರಣೆ ಸುಳ್ಳಲ್ಲ. ಆದರೆ ಅದು ಬರಿಯ ನಿಯಮವನ್ನು ಬಲ್ಲವನ ವಿವರಣೆ. ಚಕ್ರ ನಿಂತಿತೆಂಬುದು ಒಂದು ಸಂಗತಿ. ಆದುದರಿಂದ ತಮ್ಮಂದಿರನ್ನು ಬಾಗಿಸಬೇಕೆಂಬುದು ಅದರಿಂದ ತೆಗೆದ ತೀರ್ಮಾನ. ಅದೇ ಸಂಗತಿಯಿಂದ, ಗೆಲುವು ಇಲ್ಲಿಗೆ ಸಾಕು, ಮನೆಯೊಳಕ್ಕೆ ಇದನ್ನು ತರಬಾರದು ಎಂಬ ಇನ್ನೊಂದು ತೀರ್ಮಾನವನ್ನೂ ತೆಗೆಯಬಹುದಾಗಿತ್ತಲ್ಲ! ಅರುವತ್ತು ಸಾವಿರ ವರ್ಷ ಗೆದ್ದು ಗೆದ್ದು ರೂಢಿಯಾದ ಕಿವಿಗೆ ಮೊದಲನೆಯದೇ ಹಿತವಾಗಿ ಕೇಳಿಸಿತು.

ತಮ್ಮಂದಿರಿಗೆ ಓಲೆಗಳು ಹೋದುವು. ಅವರು ಅಣ್ಣನೊಡನೆ ಕಾದಲಿಲ್ಲ, ಅಣ್ಣನಿಗೆ ಬಾಗಲೂ ಇಲ್ಲ. ತಂದೆಯ ಬಳಿಗೆ ಹೋಗಿ ದೀಕ್ಷೆಯನ್ನು ಹೊಂದಿಬಿಟ್ಟರು. ಬಾಹುಬಲಿಯ ಉತ್ತರ ಬೇರೆ. ನೆಲ ತಂದೆ ಕೊಟ್ಟದ್ದು, ಅಣ್ಣ ಕೊಟ್ಟದ್ದಲ್ಲ. ಅಣ್ಣನೆಂದು ಎರಗುವುದಕ್ಕೆ ಅಡ್ಡಿಯಿಲ್ಲ, ನೆತ್ತಿಯ ಮೇಲೆ ಕತ್ತಿ ಹಿಡಿದವನಿಗೆ ಎರಗಲಾರೆ ಎಂಬುದು ಅವನ ನಿಲುವು. ಇಲ್ಲಿಯವರೆಗೆ ಬಾಹುಬಲಿಗೂ ಚಕ್ರದ ಬಗೆಗೆ ವಿಶೇಷವಾದ ತಿಳಿವಳಿಕೆಯೇನೂ ಇದ್ದಂತಿಲ್ಲ. ಮಾನಿಯಾದ ಕ್ಷತ್ರಿಯನ ಸಿಟ್ಟಷ್ಟೇ ಅವನದು. ಅವನನ್ನು ಹುಟ್ಟಿನಿಂದಲೇ ವಿರಾಗಿಯೆಂದು ಚಿತ್ರಿಸುವ ಭಾಷಣಕಾರರು ಪಂಪನಿಗೆ ಅನ್ಯಾಯ ಮಾಡುತ್ತಾರೆ.

ಎರಡು ಸೇನೆಗಳು ಎದುರಾದುವು. ಆಗ ಮಂತ್ರಿಗಳು ಕೂಡಿ ಆಲೋಚಿಸಿದ ಮಾತು ಈ ಕಥೆಯ ಕೀಲು. ಜಿನಸೇನರಲ್ಲಿ ಅದು ಬಹು ಸ್ಪಷ್ಟವಾಗಿ ಬಂದಿದೆ. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಎಂದರೆ ಇದೇ ಜನ್ಮದಲ್ಲಿ ಮೋಕ್ಷವನ್ನು ಹೊಂದತಕ್ಕವರು, ಇದೇ ಅವರ ಕಡೆಯ ಶರೀರ. ಯುದ್ಧದಿಂದ ಅವರಿಗೆ ಯಾವ ಹಾನಿಯೂ ಆಗದು, ಸಾಯುವವರು ಎರಡು ಕಡೆಯ ಜನ ಮಾತ್ರ. ಹೀಗೆಂದು ಅವರು ರಕ್ತ ಚೆಲ್ಲದ ಧರ್ಮಯುದ್ಧವನ್ನು ಗೊತ್ತು ಮಾಡುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಬಾಹುಬಲಿಯ ಎತ್ತರ ೫೨೫ ಬಿಲ್ಲು, ಭರತನದು ೫೦೦. ಕಣ್ಣಿನ ಕಾಳಗದಲ್ಲಿಯೂ ನೀರಿನ ಕಾಳಗದಲ್ಲಿಯೂ ಎತ್ತರವಾದವನೇ ಗೆದ್ದ. ಮೂರನೆಯದರಲ್ಲಿ ಅಣ್ಣನನ್ನು ಮೇಲಕ್ಕೆತ್ತಿದ ಬಾಹುಬಲಿ, ಹಿರಿಯನೆಂಬ ಗೌರವದಿಂದ ಅವನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿದ. ಸೋತವನಿಗೆ ಸೋಲಿಗಿಂತ ಆ ಮೆಲ್ಲನೆಯ ಇಳಿಸುವಿಕೆಯೇ ಹೆಚ್ಚು ಉರಿಯನ್ನು ತಂದಿರಬೇಕು. ಭರತನು ಚಕ್ರವನ್ನು ನೆನೆದ. ಅದು ಬಂತು. ತಮ್ಮನ ಮೇಲೆ ಬಿಟ್ಟ.

ಚಕ್ರ ಹೋಗಿ ಬಾಹುಬಲಿಗೆ ಬಲಗೊಂಡು, ಕಳೆಗುಂದಿ, ಅವನ ಬಳಿಯಲ್ಲಿ ನಿಂತಿತು. ಸಾಕು ಈ ಸಾಹಸ ಎಂದು ಹಿರಿಯರು ಭರತನನ್ನು ಹಳಿದರು.

ಹಾಸನದಲ್ಲಿ ಈ ಭಾಗವನ್ನು ಪಾಠ ಹೇಳುತ್ತಿದ್ದಾಗ ಅರಕಲಗೂಡಿನ ಕಡೆಯ ವಿದ್ಯಾರ್ಥಿಯೊಬ್ಬ ಎದ್ದು, “ಸಾರ್, ಚಕ್ರ ಕೊಲ್ಲೋದಿಲ್ಲ ಅಂತ ಭರತನಿಗೆ ಗೊತ್ತಿತ್ತೋ ಇಲ್ಲವೋ?” ಎಂದು ಕೇಳಿದ್ದುಂಟು. ಇಡೀ ಪ್ರಕರಣದ ತೂಕ ಈ ಒಂದು ಪ್ರಶ್ನೆಯ ಮೇಲಿದೆ. ಗೊತ್ತಿತ್ತೆನ್ನುವುದಾದರೆ ಅವನು ಚಕ್ರ ಬಿಟ್ಟದ್ದು ಬರಿಯ ಹೆದರಿಕೆಯ ಆಟ. ಗೊತ್ತಿರಲಿಲ್ಲವೆನ್ನುವುದಾದರೆ, ತೀರ್ಥಂಕರನ ಹಿರಿಯ ಮಗ, ಮೊದಲ ಚಕ್ರವರ್ತಿ, ತಮ್ಮನನ್ನು ಕೊಲ್ಲಲೆಂದೇ ಕೈಯೆತ್ತಿದಂತಾಯಿತು. ಚಕ್ರ ಬಂಧುಗಳನ್ನು ಕೊಲ್ಲದು, ಚರಮದೇಹಿಯನ್ನೂ ಕೊಲ್ಲದು ಎಂದು ಸಂಪ್ರದಾಯ ಎರಡು ಕಾರಣಗಳನ್ನು ಕೊಡುತ್ತದೆ. ಬಾಹುಬಲಿಗೆ ಎರಡೂ ಅನ್ವಯಿಸುತ್ತವೆ.

ನನ್ನ ಮಟ್ಟಿಗೆ ಹೇಳುವುದಾದರೆ, ಭರತನಿಗೆ ಗೊತ್ತಿತ್ತು. ಮಂತ್ರಿಗಳು ತಮ್ಮೊಳಗೆ ನಿಶ್ಚಯಿಸಿದುದನ್ನು ಒಡೆಯರಿಬ್ಬರೂ ಒಪ್ಪಿದ ಮೇಲೆಯೇ ಧರ್ಮಯುದ್ಧ ನಡೆದುದು. ಇಬ್ಬರೂ ಸಾಯತಕ್ಕವರಲ್ಲವೆಂಬ ಮಾತು ಬೀಡಿನಲ್ಲೆಲ್ಲ ತಿಳಿದಿದ್ದು ಭರತನೊಬ್ಬನಿಗೆ ತಿಳಿಯದೆ ಹೋಯಿತೆಂದರೆ ನಂಬುವುದು ಕಷ್ಟ. ಆದರೆ ಚಕ್ರವನ್ನು ನೆನೆದ ಆ ಕ್ಷಣದಲ್ಲಿ ಅವನು ಆಟವಾಡುತ್ತಿರಲಿಲ್ಲ. ಗೊತ್ತಿದ್ದುದು ಆಗ ಅವನ ಕೈಗೆ ಬರಲಿಲ್ಲ. ಮನುಷ್ಯನಿಗೆ ಸಿಟ್ಟು ಬಂದಾಗ ಮೊದಲು ಹೋಗುವುದು ತಿಳಿಯದ ವಿಷಯಗಳಲ್ಲ, ಚೆನ್ನಾಗಿ ತಿಳಿದ ವಿಷಯಗಳೇ. ಮೂರು ಸುದ್ದಿ ಬಂದ ದಿನ ಚಕ್ರ ಬರಿಯ ಫಲವೆಂದು ಅರಿತಿದ್ದವನಲ್ಲವೆ ಇವನು?

ಈ ಕಳಂಕವನ್ನು ಸಹಿಸಲಾರದೆ ಹೋದ ಕವಿಯೊಬ್ಬ ನಮ್ಮಲ್ಲಿದ್ದಾನೆ. ಮೂಡುಬಿದರೆಯ ರತ್ನಾಕರವರ್ಣಿ ಹದಿನಾರನೆಯ ಶತಮಾನದ ತನ್ನ ಭರತೇಶವೈಭವದಲ್ಲಿ ಅಣ್ಣತಮ್ಮಂದಿರನ್ನು ಕಾದಿಸುವುದೇ ಇಲ್ಲ. ಅವನ ಭರತ ಮಾತಿನಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ; ಚಕ್ರವನ್ನು ತಮ್ಮನತ್ತ ಕಳುಹಿಸುವುದು ಕೊಲ್ಲಲಿಕ್ಕಲ್ಲ, ಹೋಗಿ ಅವನನ್ನು ಸೇವಿಸೆಂದು. ರತ್ನಾಕರನ ಭರತ ಎಲ್ಲವನ್ನೂ ಬಲ್ಲವನು, ಭೋಗದಲ್ಲಿದ್ದೂ ಯೋಗಿ. ಕವಿಯ ಪ್ರೀತಿ ದೊಡ್ಡದು, ಹಾಡಿನ ಇಂಪೂ ದೊಡ್ಡದು. ಆದರೂ ಪಂಪನ ಭರತನೇ ನನಗೆ ಹತ್ತಿರದವನಾಗಿ ತೋರುತ್ತಾನೆ. ಎಲ್ಲವನ್ನೂ ಬಲ್ಲವನಿಗೆ ಚಕ್ರ ಕಲಿಸುವುದೇನಿದೆ?

ಚಕ್ರ ಬಲಗೊಂಡು ನಿಲ್ಲುವ ಈ ಚಿತ್ರ ಜೈನಪುರಾಣಗಳಲ್ಲಿ ಬೇರೆಡೆಯೂ ಬರುತ್ತದೆ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ರಾವಣನು ಲಕ್ಷ್ಮಣನ ಮೇಲೆ ಚಕ್ರವನ್ನು ಬಿಡುತ್ತಾನೆ. ಅದು ಲಕ್ಷ್ಮಣನಿಗೆ ಬಲವಂದು ಅವನ ಕೈಗೆ ಸೇರುತ್ತದೆ. ಲಕ್ಷ್ಮಣ ಅದನ್ನೇ ತಿರುಗಿ ಬಿಟ್ಟು ರಾವಣನನ್ನು ಕೊಲ್ಲುತ್ತಾನೆ. ನೇಮಿನಾಥನ ಕಥೆಯಲ್ಲಿ ಜರಾಸಂಧನ ಗತಿಯೂ ಅದೇ, ಅಲ್ಲಿ ಚಕ್ರ ಕೃಷ್ಣನ ಕೈಗೆ ಬರುತ್ತದೆ. ಪ್ರತಿವಾಸುದೇವನಾದವನು ತನ್ನ ಚಕ್ರದಿಂದಲೇ ಸಾಯಬೇಕೆಂಬುದು ಆ ಪುರಾಣಗಳ ಕಟ್ಟಳೆ. ತನ್ನ ಆಯುಧಶಾಲೆಯಲ್ಲಿ ತನ್ನ ಸಾವನ್ನು ಪೂಜಿಸುತ್ತ ಬಂದವರಿಗೆ ಅದರ ಅರಿವು ಕಡೆಯ ಗಳಿಗೆಯವರೆಗೆ ಇಲ್ಲ.

ವ್ಯಾಸಭಾರತದ ಸೌಪ್ತಿಕಪರ್ವದಲ್ಲಿಯೂ ಇಂಥದೊಂದು ಪ್ರಸಂಗವಿದೆ. ಅಶ್ವತ್ಥಾಮನು ದ್ವಾರಕೆಗೆ ಹೋಗಿ ಕೃಷ್ಣನ ಚಕ್ರವನ್ನು ಬೇಡುತ್ತಾನೆ. ತೆಗೆದುಕೋ ಎಂದರೆ ಎತ್ತಲಾರ. ಪಡೆದಿದ್ದರೆ ಏನು ಮಾಡುತ್ತಿದ್ದೆ ಎಂದು ಕೃಷ್ಣ ಕೇಳಿದಾಗ, ನಿನ್ನ ಮೇಲೆಯೇ ಯುದ್ಧಕ್ಕೆ ಬರುತ್ತಿದ್ದೆ ಎಂಬುದು ಅವನ ಪ್ರಾಮಾಣಿಕವಾದ ಉತ್ತರ! ಅದೇ ಅಶ್ವತ್ಥಾಮ ಮುಂದೆ ಬ್ರಹ್ಮಶಿರೋಸ್ತ್ರವನ್ನು ಬಿಟ್ಟಾಗ ಅದನ್ನು ಹಿಂದಕ್ಕೆ ಕರೆಯಲು ಅವನಿಗೆ ಶಕ್ತಿಯಿರಲಿಲ್ಲ, ಅರ್ಜುನನಿಗೆ ಇತ್ತು. ಬಿಡುವುದನ್ನು ಕಲಿತು ಕರೆಯುವುದನ್ನು ಕಲಿಯದವನ ಕೈಯಲ್ಲಿ ಅಸ್ತ್ರ ಸಿಕ್ಕಿದರೆ ಏನಾಗುವುದೆಂದು ವ್ಯಾಸರು ಅಲ್ಲಿ ತೋರಿಸಿದ್ದಾರೆ.

ಈ ಎಲ್ಲರ ನಡುವೆ ಬಾಹುಬಲಿ ಒಬ್ಬನೇ ಬೇರೆ. ಲಕ್ಷ್ಮಣನ ಬಳಿಗೆ ಬಂದಂತೆ ಚಕ್ರ ಇವನ ಬಳಿಗೂ ಬಂದು ನಿಂತಿದೆ. ಎದುರಿಗೆ ಸೋತ ಅಣ್ಣ. ಸುತ್ತಲೂ ಅಣ್ಣನನ್ನೇ ಹಳಿಯುತ್ತಿರುವ ಜನ. ಮೂರು ಯುದ್ಧಗಳ ಗೆಲುವು ತನ್ನದು, ಈಗ ಚಕ್ರವೂ ತನ್ನ ಪಕ್ಕದಲ್ಲಿದೆ. ಆಗಲೇ ಅವನಿಗೆ ಆ ವಸ್ತು ಏನೆಂಬುದು ಹೊಳೆದದ್ದು. ಅಣ್ಣ ಕೆಟ್ಟವನೆಂದು ಅವನಿಗೆ ತೋರಲಿಲ್ಲ. ಅಣ್ಣನಂಥವನಿಂದ ಇಂಥದನ್ನು ಮಾಡಿಸಿದ ರಾಜ್ಯಲಕ್ಷ್ಮಿಯ ಮೇಲೆ ಹೇಸಿಕೆ ಬಂತು. ಇದನ್ನು ಇಟ್ಟುಕೊಂಡರೆ ನಾಳೆ ತಾನೂ ಭರತನೇ. ಆದುದರಿಂದ ಅವನು ಚಕ್ರವನ್ನು ಮುಟ್ಟಲಿಲ್ಲ, ಅದನ್ನು ಒಡೆಯಲೂ ಇಲ್ಲ, ಅಣ್ಣನಿಗೇ ಬಿಟ್ಟು ನಡೆದ. ಚಕ್ರವನ್ನು ಒಂದು ದಿನವೂ ಪಡೆಯದಿದ್ದವನಿಗೆ ಅದರ ಪೂರ್ಣ ಪರಿಚಯವಾದುದು ಅದು ಪಕ್ಕದಲ್ಲಿ ನಿಂತ ಕೆಲವು ಗಳಿಗೆಗಳಲ್ಲಿ.

ಅದ್ಭುತಗಳನ್ನು ತೆಗೆದುಹಾಕಿ ಪುರಾಣವನ್ನು ಓದುವ ಒಂದು ದಾರಿಯೂ ನಮ್ಮ ಕಾಲಕ್ಕೆ ತೆರೆದಿದೆ. ಅದನ್ನು ಬಹು ದೂರ ಕೊಂಡೊಯ್ದವರು ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು. ೧೯೭೯ರಲ್ಲಿ ಬಂದ ಅವರ ‘ಪರ್ವ’ದಲ್ಲಿ ವರಶಾಪಗಳಿಲ್ಲ, ದಿವ್ಯಾಸ್ತ್ರಗಳಿಲ್ಲ, ಆದರೂ ಭಾರತದ ಕಥೆ ಕುಸಿಯುವುದಿಲ್ಲ. ಭರತ ಬಾಹುಬಲಿಯರ ಕಥೆಯಲ್ಲಿ ಹಾಗೆ ಮಾಡಲು ಹೊರಟರೆ ತೊಡಕಾಗುತ್ತದೆ. ಚಕ್ರವನ್ನು ತೆಗೆದರೆ ಉಳಿಯುವುದು ನೆಲಕ್ಕಾಗಿ ಜಗಳವಾಡಿದ ಇಬ್ಬರು ಅಣ್ಣತಮ್ಮಂದಿರು, ಸೋತ ಒಬ್ಬ, ಗೆದ್ದು ಮನೆ ಬಿಟ್ಟ ಇನ್ನೊಬ್ಬ. ಇಂಥ ಜಗಳಗಳು ನಮ್ಮ ತಾಲ್ಲೂಕು ಕಚೇರಿಗಳ ಕಡತಗಳಲ್ಲಿ ಬೇಕಾದಷ್ಟಿವೆ, ಗೆದ್ದು ಬಿಟ್ಟುಹೋದವರ ಕಡತವೊಂದನ್ನುಳಿದು. ಕಥೆಯಲ್ಲಿ ಎಲ್ಲರೂ ತಮಗೆ ಬೇಕಾದಂತೆ ಮಾತನಾಡುತ್ತಾರೆ, ಭರತ, ಪುರೋಹಿತ, ದೂತ, ಬಾಹುಬಲಿ. ಬೇಕಾದಂತೆ ತಿರುಗದೆ ಇರುವುದು ಚಕ್ರವೊಂದೇ.

ಇನ್ನು ಚಾವುಂಡರಾಯನ ವಿಷಯ. ಅವನು ಸನ್ಯಾಸಿಯಲ್ಲ. ಮಾರಸಿಂಹ, ರಾಚಮಲ್ಲರ ಕೈಕೆಳಗೆ ಕಾದಿ, ಸಮರಪರಶುರಾಮನೇ ಮೊದಲಾದ ಬಿರುದುಗಳನ್ನು ಹೊತ್ತವನು. ಚಕ್ರ ಹಿಡಿದ ಭರತನನ್ನು ನಿಲ್ಲಿಸಬೇಕೆಂದು ಅಂಥವನಿಗೆ ತೋರಿದ್ದರೆ ಆಶ್ಚರ್ಯವಿರಲಿಲ್ಲ. ತಾನೇ ಬರೆದ ಕಥೆಯಿಂದ ಅವನು ಆರಿಸಿಕೊಂಡದ್ದು ಬರಿಗೈಯವನನ್ನು. ಬೆಳಗೊಳದಲ್ಲಿಯೇ ಇರುವ, ಸುಮಾರು ೧೧೮೦ರ, ಬೊಪ್ಪಣಪಂಡಿತನ ಕನ್ನಡ ಶಾಸನಕಾವ್ಯ ಇದರ ಹಿನ್ನೆಲೆಯನ್ನು ಹೇಳುತ್ತದೆ. ಪೌದನಪುರದಲ್ಲಿ ತಮ್ಮನ ೫೨೫ ಬಿಲ್ಲೆತ್ತರದ ಮೂರ್ತಿಯನ್ನು ಮೊದಲು ಮಾಡಿಸಿದವನು ಭರತನೇ; ಕಾಲಾಂತರದಲ್ಲಿ ಅಲ್ಲಿ ಕುಕ್ಕುಟಸರ್ಪಗಳು ಮುತ್ತಿ ದಾರಿ ದುರ್ಗಮವಾಯಿತು; ಅದನ್ನು ನೋಡಬೇಕೆಂದು ಹಂಬಲಿಸಿದ ಚಾವುಂಡರಾಯ, ಅದು ಸಾಧ್ಯವಿಲ್ಲವೆಂದು ತಿಳಿದು, ಇಲ್ಲಿಯೇ ಅಂಥದನ್ನು ಮಾಡಿಸಿದ. ಚಕ್ರ ಬಿಟ್ಟ ಕೈಯೇ ಮೊದಲ ಮೂರ್ತಿಯನ್ನೂ ನಿಲ್ಲಿಸಿತೆಂದು ಹನ್ನೆರಡನೆಯ ಶತಮಾನದ ಈ ನಾಡಿನವರು ನಂಬಿದ್ದರು.

ಭರತನೂ ಬೆಳಗೊಳದಲ್ಲಿದ್ದಾನೆ. ಚಿಕ್ಕಬೆಟ್ಟದ ಮೇಲೆ ಮೊಣಕಾಲಿನಿಂದ ಕೆಳಗೆ ಇಲ್ಲದ ಒಂದು ಹಳೆಯ ಮೂರ್ತಿಯನ್ನು ಜನ ಭರತೇಶ್ವರನೆಂದು ಕರೆಯುತ್ತಾರೆ. ದೊಡ್ಡಬೆಟ್ಟದ ಮೇಲೆ ಅವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕಿದೆ. ೧೧೩೦ರ ಸುಮಾರಿನಲ್ಲಿ ಹೊಯ್ಸಳರ ದಂಡನಾಯಕನೊಬ್ಬ, ಅವನ ಹೆಸರೂ ಭರತ, ಒಂದೇ ಬಂಡೆಯಲ್ಲಿ ಕೊರೆದ ಅಖಂಡಬಾಗಿಲಿನ ಎರಡು ಪಕ್ಕಗಳಲ್ಲಿ ಭರತನನ್ನೂ ಬಾಹುಬಲಿಯನ್ನೂ ಸಣ್ಣ ಗುಡಿಗಳಲ್ಲಿ ಇರಿಸಿದ. ೬೦೦ಕ್ಕೂ ಮಿಕ್ಕ ಮೆಟ್ಟಿಲುಗಳ ಆ ದಾರಿಯಲ್ಲಿ ಮೇಲಕ್ಕೆ ಹೋಗುವವರು ಅಣ್ಣತಮ್ಮಂದಿರ ನಡುವೆ ಹಾದೇ ಹೋಗಬೇಕು. ಹೆಚ್ಚಿನವರು ಅಲ್ಲಿ ನಿಲ್ಲುವುದು ಏದುಸಿರನ್ನು ಸುಧಾರಿಸಿಕೊಳ್ಳಲು.